ಸರ್ಫ್ ಎಂಬ ಪದದ ಅರ್ಥ

1908ರ ಸುಮಾರಿಗೆ ನಾನು ಚಿತ್ರದುರ್ಗದಲ್ಲಿ ಶಾಲೆಗಳ ಸಬ್ ಅಸಿಸ್ಟೆಂಟ್ ಇನ್ಸ್‌ಪೆಕ್ಟರನಾಗಿದ್ದೆ. ಇನ್ಸ್‌ಪೆಕ್ಷನ್ ಎಂದರೆ ಮಕ್ಕಳು ಗಿಳಿಪಾಠ ಒಪ್ಪಿಸುವುದು, ನಾನು ತೂಕಡಿಸದೆ ಕೇಳುವುದು. ಲೋಕಚರಿತ್ರೆಯಲ್ಲಂತೂ ರೋಸಿಹೋಗಿದ್ದೆ. ಫ್ಯೂಡಲಿಸಂ, ರಿಪಬ್ಲಿಕ್, ಪಾರ್ಲಿಮೆಂಟ್ ಎಲ್ಲಕ್ಕೂ ಬಾಯಿಪಾಠದ ಸಾಲುಗಳಿದ್ದವು. ಅರ್ಥ ಕೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ಅದಕ್ಕೇ ಮೇಷ್ಟರುಗಳ ಸಭೆಯೊಂದರಲ್ಲಿ, "ಪ್ರತಿ ಪದಕ್ಕೂ ನಿಮ್ಮೂರಿನ ಉದಾಹರಣೆ ಕೊಡಿ" ಎಂದು ದೊಡ್ಡದಾಗಿ ಭಾಷಣ ಬಿಗಿದಿದ್ದೆ.

ಅದನ್ನು ಮನಸ್ಸಿಗೆ ಹಚ್ಚಿಕೊಂಡವರು ಸಿದ್ದಪ್ಪ ಮೇಷ್ಟ್ರು ಒಬ್ಬರೇ. ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅವರದು ಹಂಗಾಮಿ ಕೆಲಸ. ನನ್ನ ವರದಿ ಚೆನ್ನಾಗಿದ್ದರೆ ಕಾಯಂ, ಇಲ್ಲದಿದ್ದರೆ ಮನೆ. ಶಾಲೆ ನಡೆಯುತ್ತಿದ್ದುದು ಊರ ಪಟೇಲರ ಪಡಸಾಲೆಯಲ್ಲಿ. ಇನ್ಸ್‌ಪೆಕ್ಷನ್ ದಿನ ಪಟೇಲರೂ ನನ್ನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಅವರ ಜೀತದಾಳು ಮಲ್ಲ, ಛತ್ರಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

ಪಾಠ ಫ್ಯೂಡಲಿಸಂ. ಹಳೇ ಯೂರೋಪಿನಲ್ಲಿ ಒಡೆಯನ ನೆಲಕ್ಕೆ ಕಟ್ಟುಬಿದ್ದ ಆಳಿಗೆ ಸರ್ಫ್ ಎನ್ನುತ್ತಿದ್ದರು ಎಂದು ಹೇಳಿದ ಮೇಷ್ಟ್ರು, ತಟ್ಟನೆ ಬಾಗಿಲ ಕಡೆ ತಿರುಗಿದರು.

"ಮಲ್ಲಣ್ಣ, ನೀನು ಹಿರಿಯೂರಿಗೆ ಹೋಗಿ ಅಲ್ಲೇ ದುಡ್ಕಂಡು ಇರಬಹುದಾ?"

ಮಲ್ಲ ಪಟೇಲರ ಮುಖ ನೋಡಿದ. "ಗೌಡ್ರು ಕಳಿಸಿದ್ರೆ ಹೋಗ್ತೀನಿ ಸ್ವಾಮಿ."

"ಇದೇ ನೋಡ್ರಪ್ಪ, ಸರ್ಫ್ ಅಂದ್ರೆ," ಎಂದರು ಮೇಷ್ಟ್ರು.

ಮಕ್ಕಳಿಗೆ ಅರ್ಥವಾಯಿತು. ನನ್ನ ಸರ್ವಿಸಿನಲ್ಲಿ ಅಂಥ ಪಾಠ ಇನ್ನೊಂದು ಕೇಳಿಲ್ಲ. ಪಾಠ ಮುಗಿದ ಮೇಲೆ ಪಟೇಲರು ನನ್ನನ್ನು ಪಕ್ಕಕ್ಕೆ ಕರೆದು, "ಈ ಮೇಷ್ಟ್ರು ಇದ್ರೆ ನನ್ನ ಪಡಸಾಲೆ ಇಲ್ಲ. ಶಾಲೆಗೆ ಬೇರೆ ಜಾಗ ನೋಡ್ಕಳ್ರಿ" ಎಂದರು. ಆ ಊರಲ್ಲಿ ಬೇರೆ ಜಾಗ ಎಲ್ಲಿತ್ತು? ಇದ್ದರೂ ಅವರನ್ನು ಎದುರು ಹಾಕಿಕೊಂಡು ಕೊಡುವವರು ಯಾರು?

ಸಂಜೆ ಗಾಡಿ ಹತ್ತುವಾಗ ಸಿದ್ದಪ್ಪ ಮೇಷ್ಟ್ರು ಬಂದರು.

"ನಾನು ಹೇಳಿದ್ರಾಗೆ ತಪ್ಪು ಐತಾ ಸ್ವಾಮಿ?"

"ಇಲ್ಲ."

"ಹಂಗಾರೆ ಅಷ್ಟನ್ನೇ ಬರೀರಿ."

ಶಾಲೆ ಉಳಿಯಲೆಂದು ನಾನು ಬರೆದದ್ದು ಬೇರೆ: ‘ಬೋಧನಾ ಕ್ರಮ ತೃಪ್ತಿಕರವಾಗಿಲ್ಲ.’ ತಿಂಗಳೊಳಗೆ ಅವರನ್ನು ಕೆಲಸದಿಂದ ತೆಗೆದರು. ಸಭೆಯಲ್ಲಿ ಊರಿನ ಉದಾಹರಣೆ ಕೊಡಿ ಎಂದವನು ನಾನೇ ಎಂದು ಅವರು ಮೇಲಿನವರಿಗೆ ಒಂದು ಅರ್ಜಿಯನ್ನೂ ಹಾಕಿಕೊಳ್ಳಲಿಲ್ಲ. ಹಾಕಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಶಾಲೆಯೇನೋ ಉಳಿಯಿತು. ಮಲ್ಲನ ಮಕ್ಕಳು ಅಲ್ಲಿ ಓದಲಿಲ್ಲ. ಪಟೇಲರ ದನ ಕಾಯುತ್ತಿದ್ದರು. ಪಾಠ ಸರಿಯಿದೆಯೇ ಎಂದು ನೋಡಲು ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ಸರಿಯಿದ್ದ ಒಂದೇ ಪಾಠವನ್ನು ಸರಿಯಿಲ್ಲವೆಂದು ಬರೆದೆ. ಪಟೇಲರ ಮಾತು ಮೀರಲಾರದ ಸರ್ಫ್ ಆ ಪಡಸಾಲೆಯಲ್ಲಿ ಮಲ್ಲನೊಬ್ಬನೇ ಅಲ್ಲ ಎಂಬುದನ್ನು ನನ್ನ ನೌಕರಿ ನನಗೆ ಕಲಿಸಿತು.