ಹೆಸರಿಲ್ಲದೆ ಹುಡುಕುವ ಪುಸ್ತಕಗಳು

ನಾನು ಓದಿದ್ದು ನಾಲ್ಕನೆಯ ತರಗತಿ. ಅಕ್ಷರ ಕೂಡಿಸಿ ಓದಬಲ್ಲೆ, ಅಷ್ಟೇ. ಆದರೂ ಕಮಲಾಪುರದ ವಾಚನಾಲಯದಲ್ಲಿ ಇಪ್ಪತ್ತು ವರ್ಷ ಕಸ ಗುಡಿಸಿ, ಬಾಗಿಲ ಬಳಿಯ ಮೇಜಿಗೆ ಕೂತು ಪುಸ್ತಕ ವಾಪಸು ಪಡೆದಿದ್ದೇನೆ. ಮರಳಿಸಲು ಬಂದವರನ್ನು ಕತೆ ಹೇಳಿಸದೆ ಬಿಡುತ್ತಿರಲಿಲ್ಲ. ಹೀಗಾಗಿ ಒಂದನ್ನೂ ಪೂರ್ತಿ ಓದದಿದ್ದರೂ ಹೆಚ್ಚುಕಡಿಮೆ ಎಲ್ಲವೂ ನನಗೆ ಗೊತ್ತು.

ಇಬ್ಬರು ಮೊಮ್ಮಕ್ಕಳಾದ ಮೇಲೆ ಕೆಲಸ ಬಿಟ್ಟೆ. ನನ್ನ ಜಾಗಕ್ಕೆ ಬಿ.ಎ. ಓದಿದ ಸೊಸೆ ಬಂದಳು. ವಾಚನಾಲಯ ನಡೆಸುವ ಸಮಿತಿ ಇರುವುದು ಕಲಬುರಗಿಯಲ್ಲಿ. ಅಲ್ಲಿಂದ ಒಂದು ದಿನ ಹೇಳಿಕಳಿಸಿದರು: ಓದುವವರೇ ಬರುವುದಿಲ್ಲ, ಪುಸ್ತಕ ಇಲ್ಲಿಗೆ ಸಾಗಿಸಿ ಕೋಣೆಗೆ ಬೀಗ ಹಾಕುತ್ತೇವೆ. ಸೊಸೆ ಮೂರು ತಿಂಗಳ ಗಡುವು ಕೇಳಿದಳು. ಪುಸ್ತಕಗಳನ್ನೆಲ್ಲ ಡೇಟಾಬೇಸಿಗೆ ಹಾಕಿ, ಜನ ಮೊಬೈಲಿನಲ್ಲೇ ಹುಡುಕಿ ಬೇಡಿಕೆ ಕಳಿಸುವಂಥ ಆನ್‌ಲೈನ್ ಗ್ರಂಥಾಲಯ ಮಾಡುತ್ತೇನೆ ಎಂದಳು.

ಎರಡು ತಿಂಗಳು ಕೂತು ಹೆಸರು, ಬರೆದವರು, ಮುದ್ರಣದ ವರ್ಷ, ಕಪಾಟಿನ ನಂಬರು ತುಂಬಿದಳು. ಊರಿಗೆಲ್ಲ ಲಿಂಕ್ ಕಳಿಸಿದಳು. ಒಂದೂ ಬೇಡಿಕೆ ಬರಲಿಲ್ಲ. ಜನ ಏನು ಹುಡುಕಿದರು ಎಂಬುದು ಮಾತ್ರ ಅವಳ ಪರದೆಯಲ್ಲಿ ಕಾಣುತ್ತಿತ್ತು.

“ಅತ್ತಿ, ಕೇಳ್ರಿ. ‘ಬಾಳಿಗಿಡಕ್ಕ ಹುಳ ಹತ್ತಿದ್ರ’ ಅಂತ ಹುಡುಕ್ಯಾರ. ‘ಗಂಡ ಸತ್ತಾಕಿ ಖಾನಾವಳಿ ಇಟ್ಟ ಕತಿ’ ಅಂತ ಹುಡುಕ್ಯಾರ. ಇಂಥ ಹೆಸರಿನ ಪುಸ್ತಕ ಎಲ್ಲಿರ್ತಾವ? ಮಂದಿಗಿ ಹುಡುಕಾಕೇ ಬರಂಗಿಲ್ಲ.”

“ಮಂದಿಗಿ ಬರ್ತದ, ನಿನಗ ಬರಂಗಿಲ್ಲ. ಮೊದಲನೇದು ಮೂರನೇ ಕಪಾಟಿನ್ಯಾಗ ಅದ, ಹಸರು ರಟ್ಟು. ಎರಡನೇದು ಕಿಡಕಿ ಬಾಜೂಕ. ಹೆಸರು ನೆನಪಿಟ್ಟು ಪುಸ್ತಕ ಕೇಳಿದಾಂವ ನನ್ನ ಮುಂದ ಒಬ್ಬನೂ ಬಂದಿಲ್ಲ.”

ಸಿಟ್ಟಿನಿಂದ ಎದ್ದು ಹೋದಳು. ಮರುದಿನ ನನ್ನನ್ನು ವಾಚನಾಲಯಕ್ಕೆ ಕರೆದೊಯ್ದು ಲ್ಯಾಪ್‌ಟಾಪು ತೆರೆದಳು. ಡೇಟಾಬೇಸಿನಲ್ಲಿ ಹೊಸದೊಂದು ಕಾಲಂ ಇತ್ತು: ಜನ ಕೇಳುವುದು ಹೇಗೆ. ಒಂದೊಂದೇ ಪುಸ್ತಕ ಎತ್ತಿ ತೋರಿಸುವುದು, ಟೈಪ್ ಮಾಡುವುದು ಅವಳ ಕೆಲಸ. ಹೇಳುವುದು ನನ್ನದು.

“ಇದು?”

“ಕುದರಿ ಮಾರಾಕ ಹೋದಾಂವ ಹೆಂಡ್ತೀನ ಸಂತ್ಯಾಗ ಮರತು ಬಂದ ಕತಿ. ದಡ್ಡ ಅಂತನೂ ಬರಿ.”

“ಅದನ್ಯಾಕ ಬರೀಬೇಕ್ರೀ?”

“‘ಆ ದಡ್ಡನ ಕತಿ ಕೊಡು ಆಯಿ’ ಅಂತನೇ ಒಯ್ತಿದ್ರು.”

ಇಪ್ಪತ್ತು ದಿನ ಹೀಗೇ ನಡೆಯಿತು. ನನ್ನ ಗಂಟಲು ಕಟ್ಟಿತು. ಯಾರೂ ಒಯ್ಯದ ಪುಸ್ತಕಗಳೂ ಒಂದಷ್ಟಿದ್ದವು. ಅವುಗಳ ಮುಂದೆ ಖಾಲಿ ಬಿಡಿಸಿದೆ. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವವಳಲ್ಲ ನಾನು.

ಗಡುವಿನ ದಿನ ಇಬ್ಬರೂ ಬಸ್ಸು ಹತ್ತಿ ಕಲಬುರಗಿಗೆ, ಬ್ರಹ್ಮಪುರದಲ್ಲಿರುವ ಸಮಿತಿ ಅಧ್ಯಕ್ಷರ ಮನೆಗೆ ಹೋದೆವು. ಸೊಸೆ ಅವರಿಗೂ ಲಿಂಕ್ ಕಳಿಸಿದಳು. ಅವರು ಫೋನು ಕೈಗೆತ್ತಿಕೊಂಡು, ಸೋಲಿಸಲೆಂದೇ ಕೇಳಿದರು:

“ಸಾಲಿಗಿ ಹೋಗೂವಾಗ ಕಮಲಾಪುರದಾಗ ಒಂದು ಪುಸ್ತಕ ಓದಿದ್ದೆ. ಹೆಸರು ನೆನಪಿಲ್ಲ. ಒಬ್ಬಾಕಿ ಮುದುಕಿ ಬಾವಿ ತೋಡ್ತಾಳ. ಸಿಗ್ತದೇನು?”

“ಅದನ್ನೇ ಒತ್ರಿ ಸಾಹೇಬ್ರ,” ಎಂದೆ.

ಒತ್ತಿದರು. ಒಂದೇ ಪುಸ್ತಕ ಬಂತು. ಕೆಳಗೆ ನಾನು ಹೇಳಿದ ಸಾಲು: ಮುದುಕಿ ಒಬ್ಬಳೇ ಬಾವಿ ತೋಡುವ ಕತೆ. ನೀರು ಬೀಳುತ್ತದೆ, ಊರವರಿಗೆ ನಾಚಿಕೆ ಬರುವುದಿಲ್ಲ.

“ಇದೇ! ಇದೇ ಅದು!” ಅಧ್ಯಕ್ಷರು ಎದ್ದೇ ನಿಂತರು. ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದರು. “ಬೀಗದ ಮಾತು ಬಿಡ್ರಿನ್ನ. ಈ ಪುಸ್ತಕ ನಾಳೇನೇ ನನಗ ಕಳಸ್ರಿ.”

“ಹಂಗೆಲ್ಲ ಕಳಸಂಗಿಲ್ಲ. ಮೊದಲ ಬೇಡಿಕಿ ಹಾಕ್ರಿ.”

ಸೊಸೆ ನನ್ನ ಕಾಲು ತುಳಿದಳು. ಅವರು ನಕ್ಕು, ನಮ್ಮೆದುರೇ ಬೇಡಿಕೆ ಹಾಕಿದರು.

ಈಗ ಕಲಬುರಗಿಯಾಚೆಯ ಶರಣಸಿರಸಗಿಯಿಂದಲೂ ಬೇಡಿಕೆ ಬರುತ್ತದೆ. ಕಮಲಾಪುರದ ಕೋಣೆ ದಿನಾ ಹತ್ತಕ್ಕೆ ತೆರೆಯುತ್ತದೆ. ಸೊಸೆ ಓದಿ ಹೇಳುತ್ತಾಳೆ, ನಾನು ತೆಗೆದಿಡುತ್ತೇನೆ. ಕಪಾಟಿನ ನಂಬರು ನೋಡುವ ಅಗತ್ಯ ನನಗಂತೂ ಬಿದ್ದಿಲ್ಲ.