ಇಳಿಯದೆ ಬರೆದ ವರದಿ

ಪತ್ತೇದಾರಿಯೂ ಫ್ಯಾಂಟಸಿಯೂ ಬೆರೆತ ಕಾದಂಬರಿಗೆ ಪ್ರಶಸ್ತಿ ಬಂದ ಮೇಲೆ ಜನ ನನ್ನನ್ನು ಲೇಖಕಿ ಎನ್ನುತ್ತಾರೆ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ನಾನು ಪುರಾತತ್ವ ಅಧಿಕಾರಿ. ಕೊನೆಯ ಪೋಸ್ಟಿಂಗ್ ವಿಜಯಪುರ. ಸಿದ್ಧೇಶ್ವರ ಗುಡಿಯ ಹಿಂದೆ ಬಾಡಿಗೆ ಮನೆ. ಟಿಕೋಟಾ, ಬಬಲೇಶ್ವರದವರೆಗಿನ ಹಳೆಯ ಕಟ್ಟಡ, ಬಾವಿಗಳ ಸಮೀಕ್ಷೆ ನನ್ನ ಕೆಲಸ.

ಆದಿಲ್‌ಶಾಹಿ ಕಾಲದಲ್ಲಿ ಈ ಊರಿಗೆ ನೀರು ತಂದದ್ದು ಕರೇಜ್. ಅಂದರೆ ನೆಲದೊಳಗೆ ಕೊರೆದ ಸುರಂಗ ಕಾಲುವೆ. ಅದಕ್ಕೆ ಇಳಿಯಲು ಮೇಲಿನಿಂದ ಅಲ್ಲಲ್ಲಿ ಬಾವಿಯಂಥ ಗುಂಡಿಗಳಿರುತ್ತವೆ. ಅಥಣಿ ರಸ್ತೆಯ ಹೊಸ ಲೇಔಟ್ ಒಂದರಲ್ಲಿ ಅಂಥ ಗುಂಡಿ ಸಿಕ್ಕಿತು. ಮುಚ್ಚಬಹುದೇ ಎಂಬ ಕಡತ ನನ್ನ ಮೇಜಿಗೆ ಬಂತು. ನಾನು ಮೇಲೆ ನಿಂತೇ ಟಾರ್ಚಿನ ಬೆಳಕು ಬಿಟ್ಟೆ. ನಲವತ್ತು ಅಡಿ ಕೆಳಗೆ ಕಸ, ಒಣ ಮಣ್ಣು. ಈ ಕರೇಜಿನ ಬಗ್ಗೆ ಕಚೇರಿಯಲ್ಲಿದ್ದ ಹಳೆಯ ವರದಿಯ ಸಾಲನ್ನೇ ನಕಲು ಮಾಡಿದೆ: ‘ಬತ್ತಿದೆ, ಮುಚ್ಚಲು ಅಡ್ಡಿಯಿಲ್ಲ.’ ಹಿಂದಿನವರು ನೋಡಿದ್ದಾರೆಂದು ನಾನು ನಂಬಿದೆ, ಅವರು ತಮ್ಮ ಹಿಂದಿನವರನ್ನು ನಂಬಿದ್ದರು. ನಮ್ಮ ಕಚೇರಿ ನಡೆಯುತ್ತಿದ್ದುದೇ ಹಾಗೆ!

ಮೂರನೇ ದಿನ ಹುಸೇನಸಾಬರು ಬಂದರು. ಎಪ್ಪತ್ತರ ಸಮೀಪದ ಮನುಷ್ಯ, ಗಾಂಧಿ ಚೌಕಕ್ಕೆ ಚೆಂಡು ಹೂ ತಂದು ಮಾರುವವರು. ಆ ಗುಂಡಿಯಿಂದ ಎರಡು ಫರ್ಲಾಂಗ್ ಕೆಳಗೆ ಅವರ ತೋಟ. ತೋಟಕ್ಕಿದ್ದದ್ದು ಒಂದೇ ಬಾವಿ.

“ಬಾಯಾರ, ಅದನ್ನ ಮುಚ್ಚಿದ್ರ ನನ್ನ ಬಾವಿ ಸಾಯ್ತದ್ರಿ. ನೀರು ಅಲ್ಲಿಂದನ ಬರ್ತದ.”

“ಕಾಕಾ, ಅಲ್ಲಿ ನೀರಿಲ್ಲ. ನಾನೇ ನೋಡಿದ್ದೇನೆ.”

“ಇಳದ ನೋಡೀರೇನ್ರಿ?”

ನನಗೆ ಸಿಟ್ಟು ಬಂತು. ಇಳಿದಿರಲಿಲ್ಲವಲ್ಲ, ಅದಕ್ಕೇ ಬಂದದ್ದು.

ಆ ಸಿಟ್ಟಿನಲ್ಲೇ ಅವರ ಜೊತೆ ಹೊರಟೆ. ನಾವಿಬ್ಬರೂ ತಲುಪುವಷ್ಟರಲ್ಲಿ ಗುಂಡಿಯ ಪಕ್ಕ ಗರಸು ಮಣ್ಣು ತುಂಬಿದ ಟಿಪ್ಪರ್ ಬಂದು ನಿಂತಿತ್ತು. ಲೇಔಟಿನ ಸಾಹುಕಾರ ನನ್ನ ವರದಿಯನ್ನೇ ನನ್ನ ಮುಖದ ಮುಂದೆ ಹಿಡಿದ. “ಸಹಿ ನಿಮ್ದ ಅದಲ್ರಿ ಮೇಡಂ?”

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಗೋಡೆಯಿಂದ ಚಾಚಿದ ಮೆಟ್ಟುಗಲ್ಲು ಹಿಡಿದು ಹುಸೇನಸಾಬರ ಹಿಂದೆ ಇಳಿದೆ. ಕಸದ ರಾಶಿಯ ಹಿಂದೆ ಕಮಾನು. ಬಗ್ಗಿ ಒಳಗೆ ಕಾಲಿಟ್ಟೆ. ಪಾದ ಮುಳುಗುವಷ್ಟು ನೀರು, ತಣ್ಣಗೆ, ಸದ್ದಿಲ್ಲದೆ ಹರಿಯುತ್ತಿತ್ತು! ಗೋಡೆಯುದ್ದಕ್ಕೂ ದೀಪದ ಗೂಡುಗಳು. ಒಂದರೊಳಗೆ ಬೆರಳಿಟ್ಟೆ, ಮಸಿ ಹತ್ತಿತು. ಸೂರ್ಯನನ್ನು ಕಾಣದೆ ಈ ಬಂಡೆ ಕೊರೆದವರ ದೀಪದ ಮಸಿ. ನನ್ನ ಮೈ ಜುಮ್ಮೆಂದಿತು. ಕಣ್ಣೂ ತುಂಬಿತು, ಸುಳ್ಳೇಕೆ ಹೇಳಲಿ.

ಮೇಲೆ ಬಂದರೆ ಸಾಹುಕಾರ ಜಗ್ಗಲಿಲ್ಲ. “ನೀರು ಇರ್ಬಹುದ್ರಿ. ಇವ್ರ ಬಾವೀಗೆ ಹೋಗ್ತದಂತ ಹೆಂಗ ಹೇಳ್ತೀರಿ?”

“ಹೂ ಕಳಸೂಣು,” ಎಂದರು ಹುಸೇನಸಾಬರು. ಅವರ ತಂದೆ ಪ್ರತಿ ವರ್ಷ ಸಸಿ ಹಚ್ಚುವ ಮುಂಚೆ ಈ ಗುಂಡಿಯಲ್ಲಿ ಹೂವಿನ ಎಸಳು ಬಿಟ್ಟು, ತೋಟದ ಬಾವಿಯ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರಂತೆ. ಎಸಳು ಬಂದರೆ ದಾರಿ ಸಾಫ್ ಇದೆ ಎಂದರ್ಥ.

“ಬರಲಿಲ್ಲಂದ್ರ ಟಿಪ್ಪರ್ ಖಾಲಿ ಮಾಡಸ್ತೀನಿ,” ಎಂದ ಸಾಹುಕಾರ.

ಅವರು ತಂದ ಚೆಂಡು ಹೂವಿನ ಎಸಳನ್ನು ನಾನೇ ಇಳಿದು ಬಿಟ್ಟೆ. ಆಮೇಲೆ ಮೂವರೂ ತೋಟದ ಬಾವಿಯ ಕಟ್ಟೆಯ ಮೇಲೆ ಕೂತೆವು. ಒಂದು ತಾಸಾಯಿತು. ಹುಸೇನಸಾಬರ ತುಟಿ ಅಲುಗುತ್ತಿತ್ತು, ದುವಾ ಮಾಡುತ್ತಿದ್ದರೇನೋ. ಇನ್ನೂ ನಲವತ್ತು ನಿಮಿಷ ಕಳೆದವು. ಸಾಹುಕಾರ ಫೋನ್ ಕೈಗೆತ್ತಿಕೊಂಡ.

ಆಗ ಬಾವಿಯ ಪಡುವಣ ಕಿಂಡಿಯಿಂದ ಒಂದು ಹಳದಿ ಎಸಳು ತೇಲಿ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಬಾವಿಯ ಮೂಲೆಯೆಲ್ಲ ಹಳದಿ.

“ಯಪ್ಪಾ!” ಎಂದ ಸಾಹುಕಾರ, ತಲೆಯ ಮೇಲಿನ ಟೊಪ್ಪಿಗೆ ತೆಗೆದು. ಆಮೇಲೆ ಫೋನಿನಲ್ಲಿ, “ಲೇ, ಗಾಡಿ ಹೊಳ್ಳಿ ಒಯ್ಯೋ,” ಎಂದ.

‘ನಾನು ಇಳಿದು ನೋಡಿರಲಿಲ್ಲ’ ಎಂದು ಬರೆದು ವರದಿ ಹಿಂಪಡೆದೆ. ಇಲಾಖೆಯಿಂದ ನೋಟಿಸ್ ಬಂತು, ಬರಬೇಕಾದ್ದೇ. ಗುಂಡಿ ಉಳಿಯಿತು. ದೀಪದ ಗೂಡುಗಳು ಮಾತ್ರ ನನ್ನನ್ನು ಬಿಡಲಿಲ್ಲ. ನಿವೃತ್ತಿಯಾದ ಮೇಲೆ ನೆಲದೊಳಗಿನ ಊರೊಂದರ ಕಾದಂಬರಿಯಾಗಿ ಹೊರಬಂದವು.

ಪ್ರಶಸ್ತಿ ಬಂದಾಗ ಪುಸ್ತಕ ಹಿಡಿದು ತೋಟಕ್ಕೆ ಹೋದೆ. ಮೊದಲ ಕೆಲವು ಪುಟ ಸೊಸೆಯಿಂದ ಓದಿಸಿ ಕೇಳಿದ ಹುಸೇನಸಾಬರು, “ಚಲೋ ಬರದೀರಿ, ಬಾಯಾರ. ಮುಂದಿಂದೂ ಇಳದ ನೋಡೇ ಬರ್ಯಾಕತ್ತೀರೇನ್ರಿ?” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಆ ವಾರವೇ ಬಬಲೇಶ್ವರದ ಹಳೆಯ ವಾಡೆಯೊಂದರ ಬಗ್ಗೆ, ಹೊಸ್ತಿಲನ್ನೂ ತುಳಿಯದೆ, ಮುಂದಿನ ಕಾದಂಬರಿಯ ಒಂದು ಅಧ್ಯಾಯ ಬರೆದಿಟ್ಟಿದ್ದೆ. ಮರುದಿನ ಮೊದಲ ಬಸ್ಸಿಗೇ ಬಬಲೇಶ್ವರಕ್ಕೆ ಹೋದೆ.