ಗಾಜು ಏರಿಸಿದ ಕಾರು

ನಮ್ಮ ಕಡೆ ಕಾರಿನ ಗಾಜು ಇಳಿಸಿಕೊಂಡು ಹೊರಟರೆ ಒಂಟಿಯಾಗಿ ಹೋಗಲು ಆಗುವುದಿಲ್ಲ. ತಿಪಟೂರು ದಾಟುವಷ್ಟರಲ್ಲಿ ಯಾರಾದರೂ ಕಿಟಕಿಗೆ ಮುಖ ತಂದು, ಎಲ್ಲಿಗಮ್ಮ, ಒಬ್ಬಳೇನಾ, ಗಂಡು ಗೊತ್ತಾಯಿತಾ ಎಂದು ವಿಚಾರಿಸುತ್ತಾರೆ. ಒಳ್ಳೆಯವರೇ. ಆದರೆ ತುರುವೇಕೆರೆಗೆ ಪಾಠ ಮಾಡಲು ಹೋಗುವ ದಾರಿಯಲ್ಲಿ ನನಗೆ ಗಟ್ಟಿಯಾಗಿ ಹಾಡಬೇಕು ಅನಿಸುತ್ತದೆ. ಇದು ಮನೆಯವರಿಗೂ ಗೊತ್ತಿಲ್ಲ. ಹಾಡಲು ಗಾಜು ಏರಿಸಬೇಕು, ಗಾಜು ಏರಿಸಲು ಎಸಿ ಬೇಕು.

ಅಪ್ಪನ ಹಳೆಯ ಕಾರಿನ ಎಸಿ ಕೆಟ್ಟು ವರ್ಷಗಳಾಗಿದ್ದವು. ಅದರ ಕಾಲದ ಗ್ಯಾಸ್ ಈಗ ಸಿಗುವುದಿಲ್ಲ, ಹೊಸ ಗ್ಯಾಸಿಗೆ ಬದಲಾಯಿಸಬೇಕು. ಅಪ್ಪ ಒಪ್ಪಿದರು, ಒಂದು ಷರತ್ತಿನ ಮೇಲೆ. "ಭಾನುವಾರದೊಳಗೆ ತಣ್ಣಗಾದ್ರೆ ನೀನೇ ಇಟ್ಕೋ. ಇಲ್ದಿದ್ರೆ ಕಿಬ್ಬನಹಳ್ಳಿ ಕೊಬ್ಬರಿ ಸಾಹುಕಾರರು ಕೇಳ್ತಾವ್ರೆ, ಕೊಟ್ಬುಡ್ತೀನಿ."

"ಹೊಸ ಗ್ಯಾಸಿಗೂ ಹಳೇ ಆಯಿಲ್‌ಗೂ ಮಾತುಕತೆ ಇಲ್ಲ ಕಣಮ್ಮ" ಎಂದ ಮೆಕ್ಯಾನಿಕ್, ಎಸಿಯ ಕಂಪ್ರೆಸರ್ ಬಿಚ್ಚಿ ಒಳಗಿನ ಆಯಿಲನ್ನೆಲ್ಲ ಬಸಿದು ತೊಳೆದ. ಅದರ ರಬ್ಬರ್ ಸೀಲುಗಳು ತುಮಕೂರಿನಿಂದ ಬರಬೇಕಿತ್ತು. ಅಂಗಡಿಯಲ್ಲಿ ಧೂಳು, ಮನೆಯಲ್ಲಿಟ್ಟುಕೊಳ್ಳಿ ಎಂದು ಕಂಪ್ರೆಸರನ್ನು ನನ್ನ ಕೈಗೇ ಕೊಟ್ಟ. ಬಟ್ಟೆ ಸುತ್ತಿ ಜಗಲಿಯ ಮೂಲೆಯಲ್ಲಿಟ್ಟೆ.

ಸೀಲು ಬಂದ ಮೇಲೆ ಮೆಕ್ಯಾನಿಕ್ ಕಂಪ್ರೆಸರ್ ಜೋಡಿಸಿ, ಅಳತೆಯಷ್ಟು ಹೊಸ ಆಯಿಲ್ ಹಾಕಿ, ಗ್ಯಾಸ್ ತುಂಬಿದ. ಮೊದಲ ದಿನ ತೋಟಗಳ ನಡುವಿನ ರಸ್ತೆಯಲ್ಲಿ ಮಂಜಿನಂಥ ಗಾಳಿ. ಪಲ್ಲವಿ ಮುಗಿಸಿ ಚರಣಕ್ಕೆ ಬರುವಷ್ಟರಲ್ಲಿ ಒಲೆಯ ಮುಂದೆ ಕೂತ ಹಾಗೆ ಬಿಸಿ. ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ತಂಪು, ಮತ್ತೆ ಬಿಸಿ. "ದೃಷ್ಟಿ ಆಗೈತೆ" ಎಂದ ಮೆಕ್ಯಾನಿಕ್, ನಿಂಬೆಹಣ್ಣನ್ನೂ ಕಟ್ಟಿದ. ಇನ್ನು ಇದು ಆಗುವ ಕೆಲಸವಲ್ಲ ಎಂದು ಶನಿವಾರವೇ ಅಪ್ಪ ಸಾಹುಕಾರರಿಗೆ ಫೋನಿನಲ್ಲಿ ಮಾತು ಕೊಟ್ಟೇಬಿಟ್ಟರು.

ಆ ಸಂಜೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಕೇಳಿದಳು, "ಅದ್ಯಾಕೇ ಹಂಗಾಯ್ತು? ನಾನು ಎಣ್ಣೆ ಬೇರೆ ಹಾಕಿದ್ನಲ್ಲ."

"ಯಾವ ಎಣ್ಣೆ ಅಜ್ಜಿ?"

"ಯಾವ್ದು ಅಂದ್ರೆ? ನಮ್ಮ ಕೊಬ್ಬರಿ ಎಣ್ಣೆ. ಬಟ್ಟೆ ಬಿಚ್ಚಿ ನೋಡಿದೆ, ಪಾಪ, ಒಣಗಿ ಬಾಯಿ ಬಿಟ್ಕಂಡಿತ್ತು. ಒಂದು ಲೋಟ ಬುಟ್ಟೆ."

ನಮ್ಮ ಮನೆಯಲ್ಲಿ ತಲೆಗೆ, ಮಂಡಿಗೆ, ಬಾಗಿಲ ಕೀಲಿಗೆ, ಕರುವಿನ ಕೊಂಬಿಗೆ ಎಲ್ಲಕ್ಕೂ ಅದೇ. ಚಳಿಗಾಲದಲ್ಲಿ ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಸ್ನಾನಕ್ಕೆ ಮುಂಚೆ ಬಿಸಿಲಿಗಿಡುತ್ತೇವೆ. ಕಾರಿನೊಳಗೂ ಅದೇ ನಡೆಯುತ್ತಿತ್ತು. ತಣ್ಣಗಾದರೆ ಎಣ್ಣೆ ಹೆಪ್ಪುಗಟ್ಟಿ ದಾರಿ ಮುಚ್ಚುವುದು, ಮುಚ್ಚಿದರೆ ಬಿಸಿ, ಬಿಸಿಯಾದರೆ ಕರಗಿ ಮತ್ತೆ ತಂಪು. ನನಗೆ ನಗು ಹತ್ತಿತು. ಅವರೆಕಾಯಿ ಮೊರ ಮಗುಚುವವರೆಗೂ ನಕ್ಕೆ. ಕಾರಣ ತಿಳಿಯದಿದ್ದರೂ ಅಜ್ಜಿಯೂ ನಕ್ಕಳು.

ಭಾನುವಾರ ಬೆಳಿಗ್ಗೆ ಅಂಗಡಿಯಲ್ಲಿ ಪೈಪಿನ ಬಾಯಿ ಬಿಚ್ಚಿದಾಗ ಕೊಬ್ಬರಿ ಮಿಠಾಯಿಯ ವಾಸನೆ. ಮೆಕ್ಯಾನಿಕ್ ನನ್ನನ್ನೇ ನೋಡಿದ. "ಎಣ್ಣೆ ಹಚ್ಚಿದ್ರಿ, ಸರಿ. ಜಡೆ ಯಾಕೆ ಹಾಕ್ಲಿಲ್ಲ?"

ಎಲ್ಲವನ್ನೂ ಮತ್ತೆ ತೊಳೆದು ತುಂಬಿದ. ಮಧ್ಯಾಹ್ನದ ಬಿಸಿಲಲ್ಲೂ ಎಸಿ ಸೋಲಲಿಲ್ಲ. ಅಪ್ಪ ಮಾತ್ರ, "ತಣ್ಣಗಾಯ್ತು, ಸಂತೋಷ. ಆದ್ರೆ ಮಾತು ಕೊಟ್ಟಾಗೈತೆ. ನಡಿ, ಒಪ್ಸಿ ಬಸ್ಸಿಗೆ ಬರಾನ" ಎಂದರು.

ನಾನು ಓಡಿಸಿದೆ, ಅಪ್ಪ ಪಕ್ಕದಲ್ಲಿ, ಅಜ್ಜಿ ಹಿಂದೆ. ಗಾಜು ಪೂರ್ತಿ ಮೇಲೆ. ಲಾರಿಗಳ ಹಾರ್ನ್ ಕೂಡ ದೂರದ್ದೆನಿಸುತ್ತಿತ್ತು. ಅಪ್ಪ ಅಂಗಿಯ ಗುಂಡಿ ಬಿಚ್ಚಿ ಗಾಳಿಗೆ ಎದೆ ಕೊಟ್ಟು ಕಣ್ಣು ಮುಚ್ಚಿದರು. ಆಮೇಲೆ ಗುನುಗತೊಡಗಿದರು. ನಾನು ಹುಟ್ಟಿದಾಗಿನಿಂದ ಅವರು ಹಾಡಿದ್ದು ಕೇಳಿರಲಿಲ್ಲ. ದಾರಿ ಬೇಗ ಮುಗಿಯದಿರಲಿ ಎಂದು ಎರಡನೇ ಗೇರಿನಲ್ಲೇ ಹೋದೆ.

ಕಿಬ್ಬನಹಳ್ಳಿಯಲ್ಲಿ ಸಾಹುಕಾರರು ರಸ್ತೆಗೇ ಬಂದು ನಿಂತಿದ್ದರು. ನಿಲ್ಲಿಸಿದೆ. ಗಾಜು ತಟ್ಟಿ ಏನೋ ಹೇಳಿದರು. ಅಪ್ಪ ಒಳಗಿನಿಂದಲೇ ಕೈಮುಗಿದರು.

"ಅಪ್ಪ, ಏನೋ ಕೇಳ್ತಿದಾರೆ."

"ಕೇಳಿಸ್ತಿಲ್ಲ ಕಣಮ್ಮ. ಗಾಜು ಏರ್ಸಿದೆಯಲ್ಲ."

"ಇಳಿಸ್ಲಾ?"

"ತಣ್ಣಗಿರೋದೆಲ್ಲ ಆಚೆ ಹೋಯ್ತದೆ. ಸಂಜೆ ಫೋನ್ ಮಾಡಿ ನಾನೇ ತಪ್ಪೊಪ್ಕತೀನಿ ಬುಡು. ನಡಿ ನೀನು."

ಗೇರು ಹಾಕಿದೆ. "ಚಳಿ ಕಣ್ರೋ" ಎಂದು ಅಜ್ಜಿ ಸೆರಗು ಹೊದ್ದಳು. ಎಸಿಯನ್ನು ಯಾರೂ ಕಡಿಮೆ ಮಾಡಲಿಲ್ಲ. ಅಪ್ಪ ನಿಲ್ಲಿಸಿದ ಸಾಲನ್ನು ಮತ್ತೆ ಹಿಡಿದರು. ಅವರು ಚರಣ ಮರೆತ ಕಡೆ, ರಸ್ತೆಯಿಂದ ಕಣ್ಣು ತೆಗೆಯದೆ, ನಾನು ಎತ್ತಿಕೊಟ್ಟೆ.